ಮಾಸ್ಕಿನ ಮೇಲಿನ ‘95’ ರೈತರಿಗೆ ಏನು ಹೇಳುತ್ತದೆ?

ಗೋವಿನಜೋಳದ ಒಕ್ಕಣೆ ಮುಗಿಸಿ ಸಂಜೆ ಮುಖಕ್ಕೆ ಸುತ್ತಿದ ಟವೆಲ್ ಬಿಚ್ಚಿ ನೋಡಿ, ಮೂಗಿನ ಹೊಳ್ಳೆಯೊಳಗೆ ದೂಳು ಮೆತ್ತಿರುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಸೆರಗನ್ನೇ ಮೂಗಿಗೆ ಅಡ್ಡ ಹಿಡಿದು ಘಾಟು ಸಹಿಸುತ್ತಾರೆ. ಬಟ್ಟೆ ದಪ್ಪ ದೂಳನ್ನು ಒಂದಿಷ್ಟು ತಡೆದೀತು. ಶ್ವಾಸಕೋಶದ ಆಳಕ್ಕಿಳಿಯುವ ನುಣ್ಣನೆಯ ದೂಳಿಗೆ, ಬೂಷ್ಟಿನ ಕಣಗಳಿಗೆ ಅದು ಸಾಲದು. ಪರೀಕ್ಷೆಯಾದ ಮಾಸ್ಕೇ ಬೇಕು.

ಅಂಕಿಯ ಅರ್ಥ

‘ಎನ್95’ ಅಮೆರಿಕದ ದರ್ಜೆ. ಸುಮಾರು 0.3 ಮೈಕ್ರಾನ್ ಗಾತ್ರದ ಉಪ್ಪಿನ ಕಣಗಳಲ್ಲಿ ಕನಿಷ್ಠ ಶೇ 95ರಷ್ಟನ್ನು ತಡೆದರೆ ಈ ದರ್ಜೆ ಸಿಗುತ್ತದೆ. ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್ ಎಂದರೆ ಈ ಕಣ ಎಷ್ಟು ಸಣ್ಣದೆಂದು ಊಹಿಸಿ. ಸೋಸಲು ಅತಿ ಕಷ್ಟವಾದ ಗಾತ್ರವೂ ಹೆಚ್ಚುಕಡಿಮೆ ಇದೇ. ನಮ್ಮ ದೇಶದ ಮಾನಕ ಐಎಸ್ 9473. ಅದರಲ್ಲಿ ಎಫ್‌ಎಫ್‌ಪಿ1 ಶೇ 80, ಎಫ್‌ಎಫ್‌ಪಿ2 ಶೇ 94ರಷ್ಟು ಸೋಸಬೇಕು, ಎಫ್‌ಎಫ್‌ಪಿ3 ಅದಕ್ಕಿಂತಲೂ ಹೆಚ್ಚು. ಒಕ್ಕಣೆ, ಮೆಣಸಿನಕಾಯಿ ದೂಳಿಗೆ ಎಫ್‌ಎಫ್‌ಪಿ2 ಅಥವಾ ಎನ್95 ಆರಿಸಿಕೊಳ್ಳಿ. ಕೊಳ್ಳುವಾಗ ಐಎಸ್‌ಐ ಗುರುತು ನೋಡಿ.

ಸಂದಿ ಇರಬಾರದು

ಈ ಅಂಕಿ ಸೋಸುವ ಪದರಕ್ಕೆ ಕೊಟ್ಟದ್ದು, ನಿಮ್ಮ ಮುಖಕ್ಕಲ್ಲ. ಕೆನ್ನೆಯ ಬಳಿ ಸಂದಿ ಇದ್ದರೆ ದೂಳು ಅಲ್ಲಿಂದಲೇ ನುಗ್ಗುತ್ತದೆ. ಎರಡೂ ಪಟ್ಟಿ ಹಾಕಿ, ಮೂಗಿನ ಮೇಲಿನ ತಗಡನ್ನು ಎರಡೂ ಕೈಗಳ ಬೆರಳುಗಳಿಂದ ಒತ್ತಿ. ಅಂಗೈಗಳಿಂದ ಮಾಸ್ಕ್ ಮುಚ್ಚಿ ಜೋರಾಗಿ ಉಸಿರು ಬಿಡಿ. ಅಂಚಿನಲ್ಲಿ ಗಾಳಿ ತಾಗಿದರೆ ಮತ್ತೆ ಸರಿಪಡಿಸಿ. ಗಡ್ಡವಿದ್ದರೆ ಮಾಸ್ಕ್ ಬಿಗಿಯಾಗಿ ಕೂರುವುದಿಲ್ಲ.

ತೊಳೆಯಬೇಡಿ. ಪದರದ ಎಳೆಗಳಲ್ಲಿನ ವಿದ್ಯುದಂಶವೂ ದೂಳನ್ನು ಸೆಳೆದು ಹಿಡಿಯುತ್ತದೆ. ಸೋಪಿನ ನೀರು, ಸ್ಯಾನಿಟೈಸರ್ ತಾಗಿದರೆ ಆ ಶಕ್ತಿ ಕುಂದುತ್ತದೆ. ಒದ್ದೆಯಾದರೆ, ಉಸಿರಾಟ ಭಾರವಾದರೆ ಹೊಸದು ಹಾಕಿ.

ಔಷಧಿ ಸಿಂಪಡಣೆಗೆ ಇದು ಸಾಲದು

ಹತ್ತಿಗೆ, ಸೈನಿಕ ಹುಳು ಬಿದ್ದ ಗೋವಿನಜೋಳಕ್ಕೆ ಔಷಧಿ ಹೊಡೆಯುವಾಗ ಅನೇಕರು ಎನ್95 ನಂಬಿಕೊಳ್ಳುತ್ತಾರೆ. ಅದು ಕಣ ಸೋಸುತ್ತದೆ, ಆವಿಯನ್ನಲ್ಲ. ‘ಎನ್’ ಎಂದರೆ ಎಣ್ಣೆಯಂಶ ತಾಳದ್ದು ಎಂದೇ ಅರ್ಥ. ಮಾಸ್ಕ್ ಹಾಕಿದಾಗಲೂ ಔಷಧಿಯ ವಾಸನೆ ಬಂದರೆ ಆವಿ ಒಳಗೆ ಹೋಗುತ್ತಿದೆ ಎಂದು ತಿಳಿಯಿರಿ. ಆವಿ ಬರುವ ಔಷಧಿಗೆ ಇದ್ದಿಲಿನ ಕಾರ್ಟ್ರಿಜ್ ಮತ್ತು ಕಣ ಸೋಸುವ ಪದರ ಎರಡೂ ಇರುವ ರೆಸ್ಪಿರೇಟರ್ ಬೇಕು. ಡಬ್ಬಿಯ ಚೀಟಿಯಲ್ಲಿನ ಸೂಚನೆ ಓದಿಯೇ ಕೈ ಹಾಕಿ.

ಅನುಮಾನವಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಕೂಲಿಗೆ ಬಂದವರಿಗೂ ಒಂದೊಂದು ಮಾಸ್ಕ್ ಕೊಡಿ. ದೂಳು ನುಂಗುವವರು ಅವರೂ ಹೌದು.