ಸದ್ದಿಲ್ಲದ ಗಣಕಯಂತ್ರ: ಬೀಸಣಿಗೆಯಿಲ್ಲದೆ ಶಾಖ ಕಳೆಯುವ ಬಗೆ

(ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿಯೊಬ್ಬನ ಲೇಖನ)

ಕಲಾ ವಿಭಾಗದ ವಿದ್ಯಾರ್ಥಿಯು ಯಂತ್ರದ ವಿಷಯವಾಗಿ ಬರೆಯಹೊರಡುವದು ಕೆಲವರಿಗೆ ಅಧಿಕಪ್ರಸಂಗವೆಂದು ತೋರಬಹುದು. ಆದರೆ ಇಂದು ಪರೀಕ್ಷೆಯ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ, ಹೊಲದ ಉತಾರ ಇವೆಲ್ಲವೂ ಗಣಕಯಂತ್ರದ ಮೂಲಕವೇ ದೊರೆಯುತ್ತಿರುವಾಗ ಅದು ವಿಜ್ಞಾನ ವಿಭಾಗದವರ ಸೊತ್ತಾಗಿ ಉಳಿದಿಲ್ಲ. ಗಣಕಯಂತ್ರವನ್ನು ಕೊಳ್ಳುವಾಗ ನಾವು ಅದರ ವೇಗವೆಷ್ಟು, ಬೆಲೆಯೆಷ್ಟು ಎಂದು ಕೇಳುತ್ತೇವೆ. ಅದು ತನ್ನ ಶಾಖವನ್ನು ಹೇಗೆ ಹೊರಹಾಕುತ್ತದೆ ಎಂದು ಕೇಳುವವರು ವಿರಳ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳ ನಮ್ಮ ಸೀಮೆಯಲ್ಲಿ ಈ ಪ್ರಶ್ನೆಯನ್ನೇ ಮೊದಲು ಕೇಳಬೇಕೆಂಬದು ನನ್ನ ಅಭಿಪ್ರಾಯ. ಹಾಗೇಕೆಂಬದನ್ನೂ, ಫ್ಯಾನಿಲ್ಲದ ಗಣಕಯಂತ್ರವೊಂದನ್ನು ಜೋಡಿಸುವ ಬಗೆಯನ್ನೂ ಈ ಕಿರುಲೇಖನದಲ್ಲಿ ವಿವರಿಸಲು ಯತ್ನಿಸುತ್ತೇನೆ.

ಶಾಖವು ಎಲ್ಲಿಂದ ಹುಟ್ಟುತ್ತದೆ?

ಗಣಕಯಂತ್ರವು ಲೆಕ್ಕ ಮಾಡುತ್ತದೆ, ಅಕ್ಷರ ಮೂಡಿಸುತ್ತದೆ. ಆದರೆ ಅದು ಭಾರ ಎತ್ತುವದಿಲ್ಲ, ನೀರು ಸೇದುವದಿಲ್ಲ. ಆದುದರಿಂದ ಅದು ನುಂಗಿದ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗಿಯೇ ಹೊರಗೆ ಬರಬೇಕು. ಈ ಶಾಖದ ಬಹುಭಾಗವು ಯಂತ್ರದ ಮೆದುಳೆನಿಸಿದ ಪ್ರೊಸೆಸರಿನಲ್ಲಿ, ಅಂದರೆ ಒಂದು ಉಗುರಿನಷ್ಟು ಅಗಲದ ಸಿಲಿಕಾನ್ ತುಣುಕಿನಲ್ಲಿ ಹುಟ್ಟುತ್ತದೆ. ಮೇಜಿನ ಮೇಲಿನ ಸಾಮಾನ್ಯ ಯಂತ್ರದ ಪ್ರೊಸೆಸರನ್ನು 65 ವ್ಯಾಟ್ ಶಾಖಕ್ಕೆಂದು ರಚಿಸಿರುತ್ತಾರೆ. ಹಳೆಯ 60 ವ್ಯಾಟಿನ ಬಲ್ಬನ್ನು ಉರಿಯುವಾಗ ಮುಟ್ಟಿದವರಿಗೆ ಈ ಸಂಖ್ಯೆಯ ಅರ್ಥ ತಿಳಿದೀತು. ಪ್ರೊಸೆಸರಿನ ಉಷ್ಣತೆಯು ಸುಮಾರು 100 ಡಿಗ್ರಿಯನ್ನು ಸಮೀಪಿಸಿದರೆ ಅದು ತನ್ನನ್ನು ಕಾಪಾಡಿಕೊಳ್ಳಲು ತಾನಾಗಿಯೇ ವೇಗವನ್ನು ತಗ್ಗಿಸುತ್ತದೆ. ಇನ್ನೂ ಏರಿದರೆ ಯಂತ್ರವು ನಿಂತುಬಿಡುತ್ತದೆ.

ಈ ಶಾಖವನ್ನು ಓಡಿಸಲು ಯಂತ್ರದೊಳಗೆ ಫ್ಯಾನು ಇರುತ್ತದೆ. ಅದು ಅಗ್ಗ, ಅದರ ಗಾತ್ರ ಚಿಕ್ಕದು, ಕೆಲಸ ಬೇಗ. ಅದರ ದೋಷಗಳು ನಿಧಾನವಾಗಿ ಕಾಣಿಸಿಕೊಳ್ಳುವಂಥವು.

ಫ್ಯಾನಿನ ದೋಷಗಳು

ಮೊದಲನೆಯದು ಧೂಳು. ಫ್ಯಾನು ಬರಿಯ ಗಾಳಿಯನ್ನು ಎಳೆದುಕೊಳ್ಳುವದಿಲ್ಲ. ಗಾಳಿಯಲ್ಲಿ ಏನಿದೆಯೋ ಅದನ್ನೆಲ್ಲ ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ನಮ್ಮ ಎರೆಮಣ್ಣು ಹಿಟ್ಟಿನಂತೆ ಹಾರುತ್ತದೆ. ಬೈಲಹೊಂಗಲವು ಹತ್ತಿಯ ಪೇಟೆ. ಸುಗ್ಗಿಯಲ್ಲಿ ಅರಳೆಯ ಎಳೆ ಎಲ್ಲೆಲ್ಲೂ ತೇಲುತ್ತದೆ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಹುಣ್ಣಿವೆಯ ಜಾತ್ರೆಗೆ ಭಕ್ತರು ಭಂಡಾರ ತೂರುತ್ತಾರೆ. ಅರ್ಜಿ ತುಂಬಿಕೊಡುವ ಅಂಗಡಿಯೊಂದರಲ್ಲಿ ಯಂತ್ರವನ್ನು ಬಿಚ್ಚಿದುದನ್ನು ನಾನು ನೋಡಿದ್ದೇನೆ. ಶಾಖ ಕಳೆಯಬೇಕಾದ ಲೋಹದ ಹಲ್ಲುಗಳ ನಡುವೆ ಧೂಳೂ ಅರಳೆಯೂ ಕೂಡಿ ಕಂಬಳಿಯ ತುಂಡಿನಂತೆ ಕುಳಿತಿತ್ತು. ಚಳಿಗಾಲದಲ್ಲಿ ನಮ್ಮನ್ನು ಬೆಚ್ಚಗಿಡುವ ಗುಣವೇ ಅಲ್ಲಿ ಯಂತ್ರಕ್ಕೆ ಕೇಡಾಗಿತ್ತು.

ಎರಡನೆಯದು ಸವೆತ. ತಿರುಗುವ ಅಂಗವು ಸವೆಯಲೇಬೇಕು. ಕೆಟ್ಟ ಯಂತ್ರವನ್ನು ಬೆಳಗಾವಿಗೋ ಧಾರವಾಡಕ್ಕೋ ಹೊತ್ತುಕೊಂಡು ಹೋಗಬೇಕಾದ ಹಳ್ಳಿಯವನಿಗೆ ಒಂದು ದಿನದ ದುಡಿಮೆಯೂ ಬಸ್ಸಿನ ಖರ್ಚೂ ಹೋಗುತ್ತವೆ.

ಮೂರನೆಯದು ಸದ್ದು. ಫ್ಯಾನಿನ ವೇಗವನ್ನು ಇಮ್ಮಡಿ ಮಾಡಿದರೆ ಗಾಳಿಯು ಇಮ್ಮಡಿಯಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬೆಲ್ ಏರುತ್ತದೆ. ಧೂಳು ಕಟ್ಟಿದಷ್ಟೂ ಫ್ಯಾನು ಹೆಚ್ಚು ವೇಗವಾಗಿ ತಿರುಗುವದರಿಂದ ಯಂತ್ರವು ಹಳೆಯದಾದಂತೆ ಗದ್ದಲವೂ ಬೆಳೆಯುತ್ತದೆ. ರಾಮದುರ್ಗದ ನೇಕಾರರ ಓಣಿಯಲ್ಲಿ ಮಗ್ಗದ ಸದ್ದು ಅನ್ನದ ಸದ್ದು. ಅದನ್ನು ಯಾರೂ ಬೇಸರದಿಂದ ಕೇಳುವದಿಲ್ಲ. ಫ್ಯಾನಿನ ಸದ್ದಿನಿಂದ ಏನೂ ನೇಯ್ದು ಬರುವದಿಲ್ಲ. ನಮ್ಮಲ್ಲಿ ಅನೇಕರು ಮನೆತನದಲ್ಲಿಯೇ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದವರು. ಓದಲಿಕ್ಕೆ ಬೇರೆ ಕೋಣೆಯಿಲ್ಲ. ಹೊಲದಿಂದ ದಣಿದು ಬಂದ ತಂದೆತಾಯಿಗಳು ಮಲಗಿದ ಪಡಸಾಲೆಯಲ್ಲಿಯೇ ರಾತ್ರಿಯ ಅಭ್ಯಾಸ ನಡೆಯಬೇಕು. ಅಂಥ ಮನೆಯಲ್ಲಿ ಸದ್ದಿಲ್ಲದ ಯಂತ್ರವು ಶೋಕಿಯ ವಸ್ತುವಲ್ಲ. ಓದು ಮುಂದುವರಿಯಲು ಬೇಕಾದ ಒಂದು ಅನುಕೂಲತೆ.

ಶಾಖವು ಹೋಗುವ ಮೂರು ದಾರಿಗಳು

ಫ್ಯಾನಿಲ್ಲದೆ ಶಾಖವು ಹೇಗೆ ಹೋದೀತು? ಶಾಖಕ್ಕೆ ವಹನ, ಸಂವಹನ, ವಿಕಿರಣ ಎಂಬ ಮೂರು ದಾರಿಗಳುಂಟು. ಇವನ್ನು ತಿಳಿಯಲು ನಮ್ಮ ಅಡಿಗೆಯ ಮನೆಯೇ ಸಾಕು.

ರೊಟ್ಟಿಯ ಹಂಚಿನ ನಡುವೆ ಮಾತ್ರ ಉರಿ ತಗಲಿದರೂ ಅದರ ಅಂಚು ಬಿಸಿಯಾಗುತ್ತದೆ. ಲೋಹದೊಳಗೆ ಶಾಖವು ಹೀಗೆ ಹರಿಯುವದೇ ವಹನ. ಅಲ್ಯೂಮಿನಿಯಮ್ಮು ಗಾಳಿಗಿಂತ ಸುಮಾರು 9,000 ಪಟ್ಟು ಚೆನ್ನಾಗಿ ಶಾಖವನ್ನು ಒಯ್ಯುತ್ತದೆ. ತಾಮ್ರವು ಅದಕ್ಕಿಂತಲೂ ಹೆಚ್ಚು. ಆದುದರಿಂದಲೇ ಪ್ರೊಸೆಸರಿಗೂ ಅದರ ಮೇಲಿನ ಲೋಹಕ್ಕೂ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ಕೆಲಸ ಕೆಡುತ್ತದೆ. ಆ ಸಂದನ್ನು ತುಂಬಲು ಶಾಖವಾಹಕ ಪೇಸ್ಟನ್ನು ತೆಳ್ಳಗೆ ಹಚ್ಚುತ್ತಾರೆ.

ಒಲೆಯ ಮೇಲಿನ ಹೊಗೆಯು ತಾನಾಗಿಯೇ ಮೇಲಕ್ಕೇರಿ ಮಾಳಿಗೆಯ ಬೆಳಕಿಂಡಿಯಿಂದ ಹೊರಗೆ ಹೋಗುತ್ತದೆ. ಬಿಸಿಯಾದ ಗಾಳಿ ಹಗುರಾಗಿ ಏರುವ ಈ ಕ್ರಿಯೆಯೇ ಸಂವಹನ. ಬೆಳಕಿಂಡಿಯು ಗೋಡೆಯ ಬುಡದಲ್ಲಿದ್ದರೆ ಹೊಗೆ ಹೋಗುತ್ತಿತ್ತೇ? ಹಾಗೆಯೇ ಯಂತ್ರದ ಲೋಹದ ಹಲ್ಲುಗಳು ನೆಟ್ಟಗೆ ನಿಲ್ಲಬೇಕು, ಅವುಗಳ ಮೇಲುಗಡೆ ತೆರಪಿರಬೇಕು. ಫ್ಯಾನು ಇರುವಲ್ಲಿ ಹಲ್ಲುಗಳ ನಡುವೆ 2 ಮಿಲಿಮೀಟರ್ ಅಂತರ ಸಾಕು. ಗಾಳಿ ತಾನಾಗಿಯೇ ಏರಬೇಕಾದಲ್ಲಿ 8ರಿಂದ 10 ಮಿಲಿಮೀಟರ್ ಬೇಕು.

ಉರಿಯುವ ಒಲೆಯ ಎದುರು ಕುಳಿತಾಗ ಮುಖಕ್ಕೆ ತಗಲುವ ಝಳವು ವಿಕಿರಣ. ಕಪ್ಪು ಮೈಯಿಂದ ಇದು ಹೆಚ್ಚು. ತಿಕ್ಕಿ ಹೊಳಪುಮಾಡಿದ ಲೋಹದಿಂದ ತೀರ ಕಡಿಮೆ. ಫ್ಯಾನಿಲ್ಲದ ಕಪ್ಪು ಲೋಹದ ಪೆಟ್ಟಿಗೆಯ ಶಾಖದಲ್ಲಿ ಹೆಚ್ಚುಕಡಿಮೆ ಅರ್ಧವು ಈ ದಾರಿಯಿಂದಲೇ ಹೋಗುತ್ತದೆ. ಇಂಥ ಪೆಟ್ಟಿಗೆಗಳಿಗೆ ಕಪ್ಪು ಲೇಪ ಕೊಡುವದು ಬರಿಯ ಅಂದಕ್ಕಾಗಿ ಅಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡಬೇಕು. ಮಣ್ಣಿನ ಹರವಿಯ ನೀರು ಸುತ್ತಲಿನ ಗಾಳಿಗಿಂತ ತಂಪಾಗಿರುವದನ್ನು ಕಂಡು ಯಂತ್ರವೂ ಹಾಗಾದೀತೆಂದು ಎಣಿಸಬಾರದು. ಹರವಿಯ ಮೈಯಿಂದ ನೀರು ಆರಿ, ಆವಿಯಾಗಿ, ಶಾಖವನ್ನು ಒಯ್ಯುತ್ತದೆ. ಲೋಹದ ಹಲ್ಲುಗಳು ಎಷ್ಟೇ ದೊಡ್ಡವಿದ್ದರೂ ಯಂತ್ರವು ಕೋಣೆಗಿಂತ ತಂಪಾಗಲಾರದು. ಆದುದರಿಂದ ಕೋಣೆಯೂ ಮುಖ್ಯ. ದಪ್ಪ ಗೋಡೆಯ ಮಣ್ಣಿನ ಮಾಳಿಗೆಯ ಮನೆಯು ನಿಧಾನವಾಗಿ ಕಾಯುತ್ತದೆ. ತಗಡಿನ ಮನೆಯು ಮಧ್ಯಾಹ್ನಕ್ಕೆಲ್ಲ ಕಾದ ಹಂಚಾಗುತ್ತದೆ. ಮಲೆನಾಡಿನ ಸೆರಗಿಗೆ ಹತ್ತಿದ ಕಿತ್ತೂರಿಗೂ ಬಯಲಿನ ರಾಮದುರ್ಗಕ್ಕೂ ಈ ವಿಷಯದಲ್ಲಿ ಅಂತರವುಂಟು.

ಒಂದು ಚಿಕ್ಕ ಲೆಕ್ಕ

20 ಸೆಂಟಿಮೀಟರ್ ಉದ್ದ, 20 ಅಗಲ, 6 ಎತ್ತರದ ಒಂದು ಕಪ್ಪು ಅಲ್ಯೂಮಿನಿಯಮ್ ಪೆಟ್ಟಿಗೆಯನ್ನು ಭಾವಿಸಿರಿ. ತಳವನ್ನು ಬಿಟ್ಟರೆ ಅದರ ಮೈ 880 ಚದರ ಸೆಂಟಿಮೀಟರ್, ಅಂದರೆ 0.088 ಚದರ ಮೀಟರ್. ಗಾಳಿಯಾಡದ ಕೋಣೆಯಲ್ಲಿ ಇಂಥ ಮೈಯು ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿ ಅಂತರಕ್ಕೆ, ಸುಮಾರು 10 ವ್ಯಾಟ್ ಶಾಖವನ್ನು ಬಿಡುತ್ತದೆ. ಆದುದರಿಂದ ಈ ಪೆಟ್ಟಿಗೆಯು ಪ್ರತಿ ಡಿಗ್ರಿಗೆ 0.88 ವ್ಯಾಟ್ ಬಿಡುವದು.

ಯಂತ್ರವು 10 ವ್ಯಾಟ್ ನುಂಗಿದರೆ ಪೆಟ್ಟಿಗೆಯು ಕೋಣೆಗಿಂತ ಸುಮಾರು 11 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ. ಬೇಸಿಗೆಯ ಮಧ್ಯಾಹ್ನ ಕೋಣೆಯಲ್ಲಿ 38 ಡಿಗ್ರಿ ಇದ್ದರೆ ಪೆಟ್ಟಿಗೆಯ ಮೈ 49 ಡಿಗ್ರಿ. ಒಳಗಿನ ಪ್ರೊಸೆಸರು ಅದಕ್ಕಿಂತ 10-15 ಡಿಗ್ರಿ ಹೆಚ್ಚಿದ್ದರೂ 100ರ ಗಡಿಯು ಬಹುದೂರ. ಅದೇ ಪೆಟ್ಟಿಗೆಯಲ್ಲಿ 65 ವ್ಯಾಟಿನ ಯಂತ್ರವನ್ನಿಟ್ಟರೆ ಇದೇ ಲೆಕ್ಕದಂತೆ 74 ಡಿಗ್ರಿ ಏರಿಕೆ. ಬಿಸಿ ಹೆಚ್ಚಿದಂತೆ ಮೈಯು ಶಾಖವನ್ನು ಇನ್ನೂ ಬೇಗ ಬಿಡುವದರಿಂದ ಅಷ್ಟು ಏರಲಿಕ್ಕಿಲ್ಲ. ಆದರೂ ಪೆಟ್ಟಿಗೆಯನ್ನು ಮುಟ್ಟಲಾಗದು, ಒಳಗಿನ ಪ್ರೊಸೆಸರು ಉಳಿಯಲಾರದು. ಇದರಿಂದ ಒಂದು ಸೂತ್ರ ದೊರೆಯುತ್ತದೆ: ಮೊದಲು ಶಾಖವನ್ನು ಕಡಿಮೆ ಹುಟ್ಟಿಸಬೇಕು, ಅನಂತರ ಹುಟ್ಟಿದುದನ್ನು ಅಗಲವಾಗಿ ಹರಡಬೇಕು.

ಹಿಂದಿನವರ ಪ್ರಯತ್ನಗಳು

ಈ ಸೂತ್ರವನ್ನು ಮರೆತವರು ಕಷ್ಟಪಟ್ಟಿದ್ದಾರೆ. 1980ರಲ್ಲಿ ಅಮೇರಿಕೆಯ ಆಪಲ್ ಕಂಪನಿಯು ಹೊರತಂದ ಆಪಲ್ 3 ಎಂಬ ಯಂತ್ರಕ್ಕೆ ಫ್ಯಾನಿರಲಿಲ್ಲ. ಅದು ಬಿಸಿಯಾಗಿ ಕೆಡುತ್ತದೆಂಬ ಅಪಖ್ಯಾತಿಯನ್ನು ಪಡೆಯಿತು. ಅದೇ ಕಂಪನಿಯು 2020ರಲ್ಲಿ ತಾನೇ ರಚಿಸಿದ ಮಿತವ್ಯಯದ ಪ್ರೊಸೆಸರಿನಿಂದ ಫ್ಯಾನಿಲ್ಲದ ಮಡಿಸುವ ಗಣಕಯಂತ್ರವನ್ನು ಮಾಡಿ ಯಶಸ್ವಿಯಾಯಿತು.

ನಮ್ಮ ನಾಡಿನ ಉದಾಹರಣೆಯೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್ಕೋರ್ ಸಾಫ್ಟ್‌ವೇರ್ ಕಂಪನಿಯವರೂ ಕೂಡಿ 2001ರಲ್ಲಿ ಸಿಂಪ್ಯೂಟರ್ ಎಂಬ ಅಂಗೈಯಗಲದ ಗಣಕಯಂತ್ರವನ್ನು ಜನರ ಮುಂದಿಟ್ಟರು. ಸುಮಾರು 200 ಮೆಗಾಹರ್ಟ್ಸ್ ವೇಗದ ಸ್ಟ್ರಾಂಗ್ ಆರ್ಮ್ ಪ್ರೊಸೆಸರಿದ್ದ ಅದು ಮೂರು ಸಣ್ಣ ಪೆನ್ಸಿಲ್ ಸೆಲ್ಲುಗಳ ಮೇಲೆಯೂ ನಡೆಯುತ್ತಿತ್ತು. ಮೂರು ಸೆಲ್ಲುಗಳು ಕೊಡುವ ಶಕ್ತಿಯಲ್ಲಿ ಫ್ಯಾನು ಬೇಕಾಗುವಷ್ಟು ಶಾಖವೇ ಹುಟ್ಟಲಾರದು. ಓದುಬರಹ ಬಾರದ ಹಳ್ಳಿಗರಿಗೂ ಉಪಯೋಗವಾಗಲೆಂದು ಭಾರತೀಯ ಭಾಷೆಗಳಲ್ಲಿ ಪಠ್ಯವನ್ನು ಓದಿಹೇಳುವ ಏರ್ಪಾಟನ್ನೂ ಅದರ ನಿರ್ಮಾಪಕರು ಯೋಚಿಸಿದ್ದರು. ಮಾರುಕಟ್ಟೆಯಲ್ಲಿ ಸಿಂಪ್ಯೂಟರು ನಿಲ್ಲಲಿಲ್ಲ. ಆದರೆ ಹಳ್ಳಿಯ ಬಿಸಿಲು, ಧೂಳು, ವಿದ್ಯುತ್ತಿನ ಅಭಾವ ಇವುಗಳನ್ನು ಗಮನಿಸಿ ಯಂತ್ರವನ್ನು ರಚಿಸಬೇಕೆಂಬ ಅದರ ವಿಚಾರವು ಹಳೆಯದಾಗಿಲ್ಲ. 2012ರಲ್ಲಿ ಇಂಗ್ಲಂಡದಿಂದ ಬಂದ ರಾಸ್ಪ್‌ಬೆರಿ ಪೈ ಎಂಬ ಅಗ್ಗದ ಯಂತ್ರವೂ ಫ್ಯಾನಿಲ್ಲದೆಯೇ ವಿದ್ಯಾರ್ಥಿಗಳ ಕೈಸೇರಿತು.

ಜೋಡಿಸುವ ಬಗೆ

ಈಗ ಕಾರ್ಯಕ್ಕೆ ಬರೋಣ. ಮೊದಲು ಪ್ರೊಸೆಸರಿನ ಆಯ್ಕೆ. 2023ರಲ್ಲಿ ಬಂದ ಇಂಟೆಲ್ ಎನ್100 ಎಂಬದು 6 ವ್ಯಾಟಿಗೆಂದು ರಚಿತವಾದುದು. ಬರವಣಿಗೆ, ಓದು, ಅರ್ಜಿ, ಪಾಠದ ಚಿತ್ರಗಳಿಗೆ ಅದು ಧಾರಾಳವಾಗಿ ಸಾಕು. ಇದನ್ನು ಮದರ್‌ಬೋರ್ಡಿಗೆ ಬೆಸೆದೇ ಮಾರುತ್ತಾರೆ. ಎರಡನೆಯದಾಗಿ, ತಿರುಗುವ ತಟ್ಟೆಯ ಹಾರ್ಡ್ ಡಿಸ್ಕನ್ನು ಬಿಟ್ಟು ಎಸ್.ಎಸ್.ಡಿ.ಯನ್ನು ಹಾಕಬೇಕು, ಅದರಲ್ಲಿ ಚಲಿಸುವ ಅಂಗವೇ ಇಲ್ಲ. ಮೂರನೆಯದಾಗಿ, ಫ್ಯಾನುಳ್ಳ ಪವರ್ ಸಪ್ಲೈಯನ್ನು ಒಳಗಿಡದೆ ಲ್ಯಾಪ್‌ಟಾಪಿನ ಅಡಾಪ್ಟರಿನಂಥದನ್ನು ಹೊರಗಿಡಬೇಕು. ಅದರ ಶಾಖ ಹೊರಗೇ ಹೋಗುತ್ತದೆ, ಪೆಟ್ಟಿಗೆಯಲ್ಲಿ ಮನೆಯ 230 ವೋಲ್ಟಿನ ಅಪಾಯವೂ ಇರುವದಿಲ್ಲ. ಅಡಾಪ್ಟರು ಬೋರ್ಡು ಕೇಳುವ ವೋಲ್ಟಿನದೇ ಇರಬೇಕು.

ನಾಲ್ಕನೆಯದು ಪೆಟ್ಟಿಗೆ. ಜಾಲರಿಯಂತೆ ತೂತುಗಳುಳ್ಳದ್ದು, ಪೂರ್ತಿ ಮುಚ್ಚಿದ್ದು ಎಂದು ಎರಡು ಬಗೆ. ಮೊದಲನೆಯದರಲ್ಲಿ ಗಾಳಿ ಒಳಗೆ ಆಡುತ್ತದೆ, ಆದರೆ ನಿಧಾನವಾಗಿಯಾದರೂ ಧೂಳು ಸೇರುತ್ತದೆ. ಎರಡನೆಯದರಲ್ಲಿ ಪ್ರೊಸೆಸರನ್ನು ಒಂದು ಅಲ್ಯೂಮಿನಿಯಮ್ ಗಟ್ಟಿಯ ಮೂಲಕ ಪೆಟ್ಟಿಗೆಯ ಮುಚ್ಚಳಕ್ಕೆ ಒತ್ತಿ ಕೂಡಿಸುತ್ತಾರೆ. ಪೆಟ್ಟಿಗೆಯ ಮೈಯೇ ಶಾಖವನ್ನು ಬಿಡುತ್ತದೆ. ನಮ್ಮ ಸೀಮೆಗೆ ಎರಡನೆಯದೇ ಯೋಗ್ಯ. ವಾರಕ್ಕೊಮ್ಮೆ ಒಣಬಟ್ಟೆಯಿಂದ ಹೊರಗೆ ಒರೆಸಿದರೆ ಮುಗಿಯಿತು. ಪೇಸ್ಟನ್ನು ತೆಳ್ಳಗೆ ಹಚ್ಚಿ, ತಿರುಪುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಪೆಟ್ಟಿಗೆಯನ್ನು ಗೋಡೆಗೆ ಆನಿಸದೆ, ಅದರ ಮೇಲೆ ಪುಸ್ತಕ, ಬಟ್ಟೆ ಹೇರದೆ, ಬಿಸಿಲು ಬೀಳದಲ್ಲಿ ಇಡಬೇಕು.

ಕೊನೆಯದು ಪರೀಕ್ಷೆ. ಪ್ರೊಸೆಸರಿನೊಳಗೇ ಉಷ್ಣತಾಮಾಪಕವಿದೆ, ಅದನ್ನು ತೋರಿಸುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಮುಂಜಾನೆಯ ತಂಪಿನಲ್ಲಿ ನೋಡಿ ತೃಪ್ತಿಪಡಬಾರದು. ಮಧ್ಯಾಹ್ನ ಎರಡು ಗಂಟೆಯ ಬಿಸಿಲಲ್ಲಿ, ಒಂದು ಗಂಟೆ ಕೆಲಸ ಕೊಟ್ಟು ನೋಡಬೇಕು.

ಲಾಭ ಮತ್ತು ಮಿತಿ

ದಿನಕ್ಕೆ 5 ಗಂಟೆ ನಡೆಸಿದರೆ 60 ವ್ಯಾಟಿನ ಯಂತ್ರವು ತಿಂಗಳಿಗೆ 9 ಯುನಿಟ್ ವಿದ್ಯುತ್ ನುಂಗುತ್ತದೆ. 10 ವ್ಯಾಟಿನದು ಒಂದೂವರೆ ಯುನಿಟ್. ಪರದೆಯ ಖರ್ಚು ಎರಡಕ್ಕೂ ಬೇರೆ. ಕರೆಂಟು ಹೋದಾಗ ಚಿಕ್ಕ ಬ್ಯಾಟರಿಯ ಮೇಲೂ ಇಂಥ ಯಂತ್ರವು ಹೆಚ್ಚು ಹೊತ್ತು ನಡೆಯುತ್ತದೆ.

ಮಿತಿಗಳನ್ನು ಮರೆಮಾಚಬಾರದು. ದೊಡ್ಡ ಆಟಗಳಿಗೆ, ಚಲನಚಿತ್ರದ ಸಂಕಲನಕ್ಕೆ ಇದು ಒದಗದು. ಅದಕ್ಕೆ ಬೇಕಾದ ವೇಗವು ಶಾಖವನ್ನೂ ತರುತ್ತದೆ. ಮೇಲಾಗಿ ಬಿಸಿಯಲ್ಲಿ ಕೆಲಸಮಾಡುವ ಕೆಪಾಸಿಟರ್ ಎಂಬ ಭಾಗಗಳ ಆಯುಷ್ಯವು ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧಕ್ಕಿಳಿಯುತ್ತದೆ. ಸದ್ದಿಲ್ಲವೆಂದು ಯಂತ್ರವನ್ನು ಕಪಾಟಿನಲ್ಲಿ ಬಚ್ಚಿಟ್ಟರೆ ಅದರ ಆಯುಷ್ಯವನ್ನು ನಾವೇ ಕಳೆದಂತೆ.

ನಮ್ಮ ಕಾಲೇಜಿನ ಗ್ರಂಥಾಲಯದ ಓದುವ ಕೋಣೆಯಲ್ಲಿ ಮಾತನಾಡಬಾರದೆಂಬ ನಿಯಮವಿದೆ; ಅಲ್ಲಿ ಗದ್ದಲದ ಯಂತ್ರವೊಂದನ್ನು ಇಡುವದು ಉಚಿತವಲ್ಲ. ಆದರೆ ಮೇಲೆ ಹೇಳಿದಂಥ ಎರಡು ಪೆಟ್ಟಿಗೆಗಳನ್ನು ಅಲ್ಲಿಯ ಒಂದು ಮೇಜಿನ ಮೇಲಿಟ್ಟರೆ ಓದುವವರಿಗೆ ಅಡ್ಡಿಯಾಗದು. ಮನೆಯಲ್ಲಿ ಗಣಕಯಂತ್ರವಿಲ್ಲದ ಸಹಪಾಠಿಗಳು ಅರ್ಜಿ ತುಂಬಲು ಅಂಗಡಿಯಲ್ಲಿ ಹಣ ತೆತ್ತು ಸಾಲಿನಲ್ಲಿ ನಿಲ್ಲುವದು ತಪ್ಪೀತು. ಜೋಡಿಸುವ ಕೆಲಸವನ್ನು ಅಧ್ಯಾಪಕರ ಮಾರ್ಗದರ್ಶನದಲ್ಲಿ ನಾವು ವಿದ್ಯಾರ್ಥಿಗಳೇ ಮಾಡಬಹುದು. ಹಾಗೆ ಮಾಡಿದಾಗ ಯಂತ್ರದ ಮೇಲಿನ ಅಂಜಿಕೆಯೂ ಹೋದೀತು. ನಾನು ಈ ವರ್ಷ ಕಾಲೇಜನ್ನು ಬಿಡುವವನು. ಮುಂದಿನ ವರ್ಷ ಬರುವ ಗೆಳೆಯರೂ ಗುರುವರ್ಯರೂ ಈ ಸೂಚನೆಯನ್ನು ಪರಿಶೀಲಿಸುವರೆಂದು ನಂಬಿದ್ದೇನೆ.