ಬೋವಜನ ಹೊಲಕ್ಕೆ ಬಂದ ಹೊಸಬಳು

ಯೌವನಸ್ಥರ ಕೂಟದ ಸಂದೇಶ. ವಾಕ್ಯಭಾಗ: ರೂತಳು 2ನೇ ಅಧ್ಯಾಯ

ಬೈಬಲ್ ತೆಗೀರಿ. ಮೊಬೈಲ್‌ನಲ್ಲಿ ಓದುವವರು ನೋಟಿಫಿಕೇಶನ್ ಬಂದ್ ಮಾಡ್ರಿ.

ರೂತಳ ಕಥೆಯನ್ನು ನಾವು ಮದುವೆ ಕೂಟದಲ್ಲೇ ಹೆಚ್ಚು ಕೇಳಿದ್ದೇವೆ. ಇವತ್ತು ಮದುವೆ ವಿಷಯ ಬಿಡೋಣ. ಆಕೆ ಮೋವಾಬಿನವಳು, ಗಂಡ ತೀರಿಹೋಗಿದ್ದಾನೆ, ಬೇತ್ಲೆಹೇಮ್ ಆಕೆಗೆ ಹೊಸ ಊರು. ಹೊಟ್ಟೆಪಾಡಿಗೆ ಹಕ್ಕಲು ಆಯಲು ಬಂದಿದ್ದಾಳೆ. ಹಾನಗಲ್ ಕಡೆಯ ಮಕ್ಕಳಿಗೆ ಹಕ್ಕಲು ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಕೊಯ್ಲಾದ ಮೇಲೆ ಗದ್ದೆಯಲ್ಲಿ ಬಿದ್ದ ತೆನೆ, ಬಡವರ ಪಾಲು.

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಬಿಟ್ಟು ಪಟ್ಟಣಕ್ಕೆ ಬಂದವರು ನಮ್ಮಲ್ಲಿ ಬಹಳ ಜನ ಇದ್ದೀರಿ. ಹೊಸಬರು ಅಂದ ಕೂಡಲೇ ಯಾವುದೋ ದೂರದ ದೇಶ ನೆನಪಾಗ್ತದೆ ನಿಮಗೆ. ನಿಮ್ಮ ಊರಿನ ಪಕ್ಕದ ತಾಲೂಕು ಮುಂಡಗೋಡ. ದಲೈ ಲಾಮಾ 1959ರಲ್ಲಿ ಭಾರತಕ್ಕೆ ಬಂದರು. ಅವರ ಹಿಂದೆ ಬಂದವರಿಗಾಗಿ 1960ರಲ್ಲಿ ಬೈಲಕುಪ್ಪೆಯಲ್ಲಿ, 1966ರಲ್ಲಿ ಮುಂಡಗೋಡದಲ್ಲಿ ನೆಲೆ ಮಾಡಿದರು. ಮುಂಡಗೋಡದ ನೆಲೆಯ ಹೊತ್ತಿಗೆ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರು. ಹಿಮದ ನಾಡಿನವರು ಮಲೆನಾಡಿನ ಸೆರಗಿನ ಕಾಡು ಕಡಿದು ಹೊಲ ಮಾಡಿದರು. ಇವತ್ತು ಸುತ್ತಲಿನ ಹಳ್ಳಿಯವರು ಅದೇ ಕ್ಯಾಂಪಿನ ಹೊಲಗಳಿಗೆ ಕೂಲಿಗೆ ಹೋಗ್ತಾರೆ. ಇದನ್ನು ಸ್ವಲ್ಪ ಯೋಚನೆ ಮಾಡ್ರಿ. ಬೇಡಲು ಬಂದವರು ಅಂತ ನಾವು ಅಂದುಕೊಂಡವರು ಇನ್ನೊಬ್ಬರಿಗೆ ಕೆಲಸ ಕೊಡುವವರಾದರು.

ಈಗ ಬೋವಜನನ್ನು ನೋಡೋಣ. ಆತ ರೂತಳಿಗೆ ಒಂದು ಮೂಟೆ ಜವೆಗೋಧಿ ಹೊರಿಸಿ ಕಳಿಸಬಹುದಿತ್ತು. ಹಾಗೆ ಮಾಡಲಿಲ್ಲ. ತನ್ನ ಆಳುಗಳಿಗೆ ಆಜ್ಞೆ ಕೊಟ್ಟ: ಆಕೆಯನ್ನು ಮುಟ್ಟಬೇಡಿ, ಗದರಿಸಬೇಡಿ, ಅವಮಾನ ಮಾಡಬೇಡಿ, ಸಿವುಡುಗಳಿಂದ ಬೇಕಂತಲೇ ಒಂದಿಷ್ಟು ತೆನೆ ಬೀಳಿಸಿ. ಬಾಯಾರಿದರೆ ಆಳುಗಳು ತುಂಬಿಟ್ಟ ನೀರನ್ನೇ ಕುಡಿಯಲು ಆಕೆಗೆ ಹೇಳಿದ. ಊಟದ ಹೊತ್ತಿಗೆ ಪಕ್ಕಕ್ಕೆ ಕರೆದು ಕೂಡಿಸಿದ. ಬೇಕಂತಲೇ ಬೀಳಿಸಿದ ತೆನೆ ಅಂತ ರೂತಳಿಗೆ ಗೊತ್ತೇ ಇರಲಿಲ್ಲ, ನೋಡ್ರಿ. ಆಕೆ ತನ್ನ ದುಡಿಮೆ ಅಂತ ತಲೆ ಎತ್ತಿ ಅತ್ತೆಯ ಮನೆಗೆ ಒಯ್ದಳು. ಮತ್ತಾಯನು ಬರೆದ ವಂಶಾವಳಿಯಲ್ಲಿ ಬೋವಜನ ತಾಯಿ ಯಾರು? ರಾಹಾಬಳು. ಆಕೆಯೂ ಹೊರಗಿನವಳೇ. ಮನೆಯಲ್ಲಿ ತಾಯಿ ಪಟ್ಟದ್ದು ಮಗನಿಗೆ ಗೊತ್ತಿದ್ದಿರಬೇಕು ಅಂತ ನನಗೆ ಅನಿಸ್ತದೆ.

ನಮ್ಮ ತಪ್ಪು ಒಂದು ಹೇಳ್ತೀನಿ. ಕೆಲವು ವರ್ಷದ ಹಿಂದೆ ಕಟ್ಟಡ ಕೆಲಸಗಾರರ ಶೆಡ್ಡಿನ ಹತ್ತಿರ ಕಂಬಳಿ ಹಂಚಿದೆವು. ಸಾಲಾಗಿ ನಿಲ್ಲಿಸಿ ಫೋಟೊ ತೆಗೆದು ಗ್ರೂಪಿಗೆ ಹಾಕಿದೆವು. ಮುಂದಿನ ವಾರ ಹೋದರೆ ಒಬ್ಬ ತಾಯಿ ನಮ್ಮನ್ನು ಕಂಡ ಕೂಡಲೇ ಬಾಗಿಲು ಹಾಕಿಕೊಂಡಳು. ಆ ಫೋಟೊ ಹೇಗೋ ಊರು ಮುಟ್ಟಿ, ಆಕೆಯ ಬೀಗರು ಆಡಿಕೊಂಡಿದ್ದರಂತೆ. ಕಂಬಳಿ ಕೊಟ್ಟೆವು, ಮಾನ ತಗೊಂಡೆವು. ಅದಕ್ಕೇ ಸೇವೆಗೆ ಹೋಗುವಾಗ ರೀಲ್ಸ್ ಬೇಡ, ಸ್ಟೇಟಸ್ ಬೇಡ. ಕೇಳಿದರೂ ಬೇಡ, ಯಾಕಂದ್ರೆ ಕೈ ಚಾಚಿದವರಿಗೆ ಇಲ್ಲ ಅನ್ನೋದು ಕಷ್ಟ.

ಇನ್ನು ಕಾಗದದ ಮಾತು. ಅಕ್ಕಿ ಒಂದು ವಾರಕ್ಕೆ ಮುಗೀತದೆ, ಕಾಗದ ಸರಿಯಾದರೆ ವರ್ಷಗಟ್ಟಲೆ ಅನ್ನ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಮಾಡಿಲ್ಲ, ಹಾಗಾಗಿ ಎಲ್ಲರಿಗೂ ಒಂದೇ ತರಹದ ಕಾಗದ ಇರೋದಿಲ್ಲ. ಟಿಬೆಟಿನವರಿಗೆ ಆರ್‌ಸಿ ಅನ್ನೋ ನೋಂದಣಿ ಪತ್ರ ಮುಖ್ಯ, ಅದರ ನವೀಕರಣ ತಪ್ಪಬಾರದು. ಬಿಹಾರ, ಒಡಿಶಾದಿಂದ ಬಂದವರಿಗೆ, ನಮ್ಮ ಹಿರೇಕೆರೂರಿನಿಂದ ಬಂದವರಿಗೂ, ಊರಿನ ರೇಷನ್ ಕಾರ್ಡಿನ ಮೇಲೆ ಇಲ್ಲೇ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಟ್ಟು ಧಾನ್ಯ ತಗೊಳ್ಳಬಹುದು. ಎಷ್ಟೋ ಜನರಿಗೆ ಇದು ಗೊತ್ತಿಲ್ಲ. ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಕಾರ್ಮಿಕ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಮಗುವಿನ ಜನನ ಪತ್ರ ಇಲ್ಲ, ಟಿ.ಸಿ. ಬಂದಿಲ್ಲ ಅಂತ ಸರ್ಕಾರಿ ಶಾಲೆ ವಾಪಸ್ ಕಳಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಇದೆ. ಜೊತೆಗೆ ಹೋಗಿ ಶಾಂತವಾಗಿ ಮಾತಾಡ್ರಿ. ಅವರ ಅಸಲಿ ಕಾಗದ ಮಾತ್ರ ಒಂದು ರಾತ್ರಿಯೂ ನಿಮ್ಮ ಹತ್ತಿರ ಇಟ್ಟುಕೊಳ್ಳಬೇಡಿ. ಆಸ್ಪತ್ರೆಗೆ ಹೋದಾಗ ಅವರ ಮಗುವನ್ನೇ ಭಾಷಾಂತರಕ್ಕೆ ನಿಲ್ಲಿಸಬೇಡಿ. ತಾಯಿಯ ಗರ್ಭಕೋಶದ ತೊಂದರೆಯನ್ನು ಹತ್ತು ವರ್ಷದ ಹುಡುಗನ ಬಾಯಲ್ಲಿ ಹೇಳಿಸಬಾರದು. ಹಿಂದಿ ಬರುವ ಅಕ್ಕಂದಿರು ನಮ್ಮ ಸಭೆಯಲ್ಲೇ ಇದ್ದಾರಲ್ಲ?

ಒಬ್ಬ ತಮ್ಮ ಕೇಳಿದ, "ಪಾಸ್ಟರ್, ಸುವಾರ್ತೆ ಹೇಳೋದು ಯಾವಾಗ?" ಒಳ್ಳೆ ಪ್ರಶ್ನೆ. ಅಕ್ಕಿ ಚೀಲದ ಜೊತೆಗೆ ಕರಪತ್ರ ಇಡಬೇಡ, ಮಗನೇ. ಚಳಿಗಾಲದಲ್ಲಿ ಸ್ವೆಟರ್ ಮಾರುವ ಟಿಬೆಟಿನ ಅಕ್ಕನಿಗೆ ತನ್ನ ನಂಬಿಕೆ ಇದೆ. ಸಭೆಗೆ ಬಂದರೆ ಮಾತ್ರ ಸಹಾಯ ಅಂತ ಆಕೆಗೆ ಅನಿಸಿದರೆ ಅದು ಗಾಳ, ಪ್ರೀತಿಯಲ್ಲ. ಬೋವಜ ರೂತಳಿಗೆ ಯಾವ ಷರತ್ತೂ ಹಾಕಲಿಲ್ಲ. ಆಕೆಯೇ ಕೇಳಿದಾಗ, ನಿನ್ನ ನಿರೀಕ್ಷೆಯ ಬಗ್ಗೆ ಹೇಳು, ಧೈರ್ಯವಾಗಿ ಹೇಳು. ಕೇಳದಿದ್ದರೂ ಮುಂದಿನ ವಾರ ಹೋಗು.

ಈ ಶನಿವಾರ ಸಂಜೆ ಶೆಡ್ಡಿಗೆ ಹೋಗೋಣ, ಖಾಲಿ ಕೈಯಲ್ಲಿ. ಕೂತು ಚಹಾ ಕುಡಿದು, ಏನು ಬೇಕು ಅಂತ ಅವರನ್ನೇ ಕೇಳಿ ಬರೋಣ. ಬರುವವರು ಕೂಟ ಮುಗಿದ ಮೇಲೆ ಹೆಸರು ಕೊಡ್ರಿ. ಈಗ ಎದ್ದು ನಿಲ್ಲೋಣ, ಪ್ರಾರ್ಥನೆ ಮಾಡೋಣ. ಮೊದಲು ಆ ಬಾಗಿಲು ಹಾಕಿಕೊಂಡ ತಾಯಿಗಾಗಿ.