ಅಮ್ಮಿ ತೆಗೆದ ಅಳತೆ

ಊರ್ಡಿಗೆರೆಯ ನಮ್ಮ ಮನೆಯಲ್ಲಿ ಅಮ್ಮಿ ಬಟ್ಟೆ ಹೊಲಿಯುತ್ತಾರೆ. ಕಳೆದ ರಂಜಾನ್ ಹಬ್ಬಕ್ಕೆ ಖಾಲಾ ತಮ್ಮ ಮಗನಿಗೆ ತುಮಕೂರಿನಿಂದ ರೆಡಿಮೇಡ್ ಶರ್ಟು, ಪ್ಯಾಂಟು ತಂದಿದ್ದರು. ಅವನಿಗೆ 14 ವರ್ಷ; ಡೌನ್ ಸಿಂಡ್ರೋಮ್ ಇದೆ. ಶರ್ಟು ಎದೆಗೆ ಸರಿಯಾಯಿತು, ಆದರೆ ತೋಳು ಬೆರಳು ದಾಟಿತು. ಗುಂಡಿಯನ್ನು ತಾನೇ ಹಾಕಿಕೊಳ್ಳುವೆನೆಂದು ಹಟ ಹಿಡಿದ, ಆಗಲಿಲ್ಲ. ಈದ್ಗಾಕ್ಕೆ ಹೊರಡುವ ಹೊತ್ತಿಗೆ ಅಳುತ್ತಾ ಕುಳಿತಿದ್ದ. "ತಪ್ಪು ಹುಡುಗನದಲ್ಲ, ಶರ್ಟಿನ ಅಳತೆಯದು" ಎಂದರು ಅಮ್ಮಿ.

ಡೌನ್ ಸಿಂಡ್ರೋಮ್ ಅಂಟುವ ಕಾಯಿಲೆಯಲ್ಲ. 21ನೇ ವರ್ಣತಂತು ಎರಡರ ಬದಲು ಮೂರು ಇರುವುದರಿಂದ ಹುಟ್ಟಿನಿಂದಲೇ ಬರುವ ಸ್ಥಿತಿ. ಇವರಲ್ಲಿ ಹಲವರಿಗೆ ಕುತ್ತಿಗೆ, ಕೈಕಾಲು, ಬೆರಳುಗಳು ಗಿಡ್ಡ. ಸ್ನಾಯುಗಳ ಬಿಗಿ ಕಡಿಮೆ. ಆದ್ದರಿಂದ ಸಣ್ಣ ಗುಂಡಿ ಹಿಡಿಯುವುದು ಕಷ್ಟ.

ಒಂದೇ ಅಳತೆಯಲ್ಲಿ ಹೆಚ್ಚು ಉತ್ಪಾದಿಸಿದರೆ ಖರ್ಚು ಇಳಿಯುತ್ತದೆ ಎಂದು ನಾವು ವಾಣಿಜ್ಯ ತರಗತಿಯಲ್ಲಿ ಕಲಿಯುತ್ತೇವೆ. ರೆಡಿಮೇಡ್ ಬಟ್ಟೆಯಲ್ಲಿ ಎದೆಯಳತೆ ಹೆಚ್ಚಿದಂತೆ ತೋಳಿನ ಉದ್ದವೂ ಹೆಚ್ಚುತ್ತದೆ. ಹೀಗಾಗಿ ದೊಡ್ಡ ಸೈಜು ಕೊಂಡರೂ ಇವರ ಸಮಸ್ಯೆ ತೀರುವುದಿಲ್ಲ.

ಅಮ್ಮಿ ಮೊದಲು ಅವನನ್ನೇ ಕೇಳಿದರು: ಎಲ್ಲಿ ಚುಚ್ಚುತ್ತದೆ, ಯಾವುದು ಕಷ್ಟ, ಯಾವ ಬಣ್ಣ ಬೇಕು? ನಂತರ ಮಾಡಿದ ಬದಲಾವಣೆಗಳು ಇವು:

1. ಎದೆ, ತೋಳು, ಕುತ್ತಿಗೆಗೆ ಬೇರೆ ಬೇರೆ ಅಳತೆ, ಕಾಲರ್ ತಗ್ಗು.
2. ಗುಂಡಿಗಳು ಹೊರಗೆ ಅಂದಕ್ಕೆ ಮಾತ್ರ, ಒಳಗೆ ವೆಲ್ಕ್ರೋ. ಅದರ ಒರಟು ಭಾಗ ಮೈಗೆ ತಾಗದಂತೆ ಹೊಲಿಗೆ.
3. ಪ್ಯಾಂಟಿಗೆ ಸೊಂಟದಲ್ಲಿ ಎಲಾಸ್ಟಿಕ್.
4. ಚುಚ್ಚುವ ಲೇಬಲ್ ತೆಗೆದು, ಹಿಂಭಾಗ ಗುರುತಿಸಲು ಒಳಗೆ ಕೆಂಪು ದಾರ.

ವೆಲ್ಕ್ರೋ, ಎಲಾಸ್ಟಿಕ್ ಎರಡೂ ಸೇರಿ 50 ರೂಪಾಯಿ ದಾಟಲಿಲ್ಲ. ಬಕ್ರೀದ್ ದಿನ ಅವನು ತಾನೇ ಬಟ್ಟೆ ಹಾಕಿಕೊಂಡು, ನಮಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದ.

ಇವರು ಬಟ್ಟೆ ತೊಡುವವರು ಮಾತ್ರವಲ್ಲ, ವಿನ್ಯಾಸ ಮಾಡುವವರೂ ಆಗಬಲ್ಲರು. ಡೌನ್ ಸಿಂಡ್ರೋಮ್ ಇರುವ ಗ್ವಾಟೆಮಾಲಾದ ಇಸಬೆಲ್ಲಾ ಸ್ಪ್ರಿಂಗ್‌ಮುಲ್ ಅವರ ಉಡುಪುಗಳು 2016ರಲ್ಲಿ ಲಂಡನ್ ಫ್ಯಾಷನ್ ವೀಕ್‌ನಲ್ಲಿ ಪ್ರದರ್ಶನಗೊಂಡವು. ಅದೇ ವರ್ಷ ನಮ್ಮ ದೇಶದಲ್ಲಿ ಬಂದ ವಿಕಲಚೇತನರ ಹಕ್ಕುಗಳ ಅಧಿನಿಯಮದ 43ನೇ ಕಲಮು, ಎಲ್ಲರಿಗೂ ಹೊಂದುವ ವಿನ್ಯಾಸದ ಗ್ರಾಹಕ ವಸ್ತುಗಳ ಉತ್ಪಾದನೆಗೆ ಸರ್ಕಾರ ಉತ್ತೇಜನ ಕೊಡಬೇಕು ಎನ್ನುತ್ತದೆ.

ನಮ್ಮ ಕಾಲೇಜಿನಲ್ಲಿ ಹಲವರ ಮನೆಗಳಲ್ಲಿ ಹೊಲಿಗೆ ಯಂತ್ರವಿದೆ. ನಿಮ್ಮ ಬೀದಿಯಲ್ಲಿ ಇಂಥ ಮಗುವಿದ್ದರೆ, ಮುಂದಿನ ಹಬ್ಬಕ್ಕೆ ಮೊದಲು ಟೇಪು ಹಿಡಿದು ಹೋಗಿ. ಆದರೆ ಅಳತೆ ತೆಗೆಯುವ ಮುನ್ನ ಆ ಮಗುವನ್ನೇ ಕೇಳಿ.